ಮೂರು ಅಂಗಡಿಯ ಕಪಾಟು

ಶಾಲೆಯ ಪುಸ್ತಕಗಳಿಗೆ ಇಲಿ ಬಾಯಿ ಹಾಕಿದ್ದರಿಂದ ಶ್ರೇಣಿಕ ಮಾಸ್ತರರು ಒಂದು ಕಬ್ಬಿಣದ ಕಪಾಟು ಕೊಳ್ಳಲು ಹೊರಟರು. ಏಕಸಂಬಿ ಹತ್ತಿರದ ಆ ಸರಕಾರಿ ಶಾಲೆಗೆ ಅವರು ಹೊಸ ಹೆಡ್‌ಮಾಸ್ತರರು. ಮೂರು ಅಂಗಡಿಗಳ ಕೊಟೇಶನ್ ತರಬೇಕು, ಕಡಿಮೆ ದರದವರಿಂದ ಕೊಳ್ಳಬೇಕು ಎಂಬುದು ನಿಯಮ. ಹಿಂದಿನವರು ಕಪಾಟು ಮಾರುವ ಗಂಗಾರಾಮನ ಅಂಗಡಿಯಲ್ಲೇ ಚಹಾ ಕುಡಿಯುತ್ತ ಮೂರನ್ನೂ ಬರೆಸಿಕೊಂಡು ಬರುತ್ತಿದ್ದರು. ತಾವು ಅಂಥವರಲ್ಲ ಎಂದು ಮಾಸ್ತರರು ಬೆಳಿಗ್ಗೆಯೇ ಬೈಕು ಹತ್ತಿದರು. ಇವತ್ತು ಸಂಜೆಯೊಳಗೆ ಖರೀದಿ ಮುಗಿಯದಿದ್ದರೆ ಅನುದಾನ ವಾಪಸು ಹೋಗುತ್ತಿತ್ತು.

"ಆರ್ಡರ್ ಯಾರಿಗ್ರಿ ಸರ್? ನನಗಾದ್ರ ಕಡಿಮಿ ಬರೀತೀನಿ, ಬ್ಯಾರೇದವ್ರಿಗಾದ್ರ ಜಾಸ್ತಿ ಬರೀತೀನಿ" ಎಂದ ಗಂಗಾರಾಮ.

"ಯಾರಿಗಂತ ನನಗೂ ಗೊತ್ತಿಲ್ಲಪಾ. ನಿನ್ನ ಖರೇ ರೇಟ್ ಬರಿ!"

"ತಿಳೀತ್ ಬಿಡ್ರಿ" ಎಂದು ಅವನು ಕಣ್ಣು ಮಿಟುಕಿಸಿ ಲಕೋಟೆ ಅಂಟಿಸಿಕೊಟ್ಟ.

ಅಂಕಲಿಯ ಅಂಗಡಿಯಲ್ಲಿ ಪ್ರಾಜಕ್ತಾ, "ಬಿಸಲಾಗ ಯಾಕ ತಿರಗತೀರಿ ಸರ್? ಉಳದ ಎರಡೂ ಲೆಟರ್‌ಹೆಡ್ ನನ್ನ ಕಡೇನ ಅದಾವ" ಎಂದು ಮರುಗಿದಳು. ಚಿಕ್ಕೋಡಿಯ ಸುಹಾಸನಂತೂ, "ಕಾಳಜಿ ಬ್ಯಾಡ್ರಿ, ನಿಮ್ಮ ಮಂದಿಗೆ ತ್ರಾಸ ಆಗೂಹಂಗ ಬರ್ಯಾಂಗಿಲ್ಲ" ಎಂದು ಅಭಯವನ್ನೇ ಕೊಟ್ಟ. "ನನ್ನ ಮಂದಿ ಯಾರೂ ಇಲ್ಲೋ ಮಾರಾಯಾ!" ಎಂದು ಮಾಸ್ತರರು ಕೂಗಿದ್ದಕ್ಕೆ ದಾರಿಹೋಕರು ನಿಂತು ನೋಡಿದರು. ಮಾಸ್ತರರಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮಧ್ಯಾಹ್ನ ಶಾಲಾ ಸಮಿತಿಯ ಸಭೆ. ಅಧ್ಯಕ್ಷ ಕಾಕಾಸಾಹೇಬರು ಲಕೋಟೆ ಒಡೆದರು. ಒಂದರಲ್ಲಿ ಹದಿನೆಂಟು ಸಾವಿರ, ಇನ್ನೊಂದರಲ್ಲಿ ಇಪ್ಪತ್ತು, ಮತ್ತೊಂದರಲ್ಲಿ ಇಪ್ಪತ್ತೆರಡು.

"ಇಂಥಾದ್ದ ಕಪಾಟ ನಮ್ಮ ಮನೀಗೆ ಒಂಬತ್ತಕ್ಕ ಬಂದೈತಿ. ಏನ್ ನಡಸೀರಿ ಸರ್?"

ಸದಸ್ಯರೆಲ್ಲ ಹಾಲಿನ ಪಾತ್ರೆಗೆ ಮುಖ ಹಾಕಿದ ಬೆಕ್ಕನ್ನು ನೋಡುವಂತೆ ನೋಡಿದರು. ಯಾರದೂ ಒಂದು ಪೈಸೆ ಮುಟ್ಟದ ಮಾಸ್ತರರಿಗೆ ಅಳುವೇ ಬಂತು. ಗಂಗಾರಾಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಬ್ಯಾರೇದವ್ರಿಗೆ ಫಿಕ್ಸ್ ಆಗೈತಿ ಅಂತ ತಿಳದು, ನಿಮ್ಮ ಮರ್ಯಾದಿ ಉಳಸಾಕ ಡಬಲ್ ಬರದೀನ್ರಿ ಸರ್!"

ಉಳಿದಿಬ್ಬರೂ ಅದನ್ನೇ ಹೇಳಿದರು. ಮೂವರೂ ಮಾಸ್ತರರ ಮೇಲಿನ ಗೌರವದಿಂದಲೇ ದರ ಏರಿಸಿದ್ದರು.

"ಈ ಡಬಲ್ ರೇಟಿನ ಕಾಗದ ಯಾವೂ ಆಡಿಟ್‌ದಾಗ ನಡ್ಯಾಂಗಿಲ್ಲ, ಮತ್ತ ಮೂರೂರು ತಿರಗಾಕ ಈಗ ಟೈಮ್ ಎಲ್ಲೈತ್ರಿ? ನಿಮ್ಮ ಪ್ರಾಮಾಣಿಕಪಣಾ ಸಾಲೀನ ಮುಳಗಸ್ತಿತ್ತು" ಎಂದು ಕಾಕಾಸಾಹೇಬರು ಗಂಗಾರಾಮನನ್ನೇ ಕರೆಸಿದರು. ಅವನು ಮೂರು ಲೆಟರ್‌ಹೆಡ್ ಹಿಡಿದು ಬಂದ. ತನ್ನದರಲ್ಲಿ ಒಂಬತ್ತು ಸಾವಿರ ಬರೆದು, ಉಳಿದೆರಡನ್ನು ಮಾಸ್ತರರ ಮುಂದೆ ತಳ್ಳಿದ.

"ಇವನ್ನ ನೀವ ಬರೀರಿ ಸರ್. ಮೂರೂ ನಾನ ಬರದ್ರ ಆಡಿಟ್‌ದವ್ರು ಹಿಡೀತಾರ."

ಗಡಿಯಾರ ನೋಡಿ ಮಾಸ್ತರರು ಹಲ್ಲು ಕಚ್ಚಿಕೊಂಡು ಬರೆದರು. ಒಂಬತ್ತು ಸಾವಿರಕ್ಕೇ ಕಪಾಟು ಬಂತು. ಸಂತೋಷಗೊಂಡ ಕಾಕಾಸಾಹೇಬರು, ಪಾರದರ್ಶಕವಾಗಿ ಖರೀದಿ ನಡೆಸಿದ್ದಕ್ಕೆ ಹೆಡ್‌ಮಾಸ್ತರರಿಗೆ ಅಭಿನಂದನೆ ಸಲ್ಲಿಸುವ ಠರಾವು ಮಂಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಪೆನ್ ಕೈಯಾಗ ಐತೆಲ್ಲಾ ಸರ್" ಎಂದರು ಕಾಕಾಸಾಹೇಬರು, "ಅದನ್ನೂ ನೀವ ಬರದ್ ಬಿಡ್ರಿ."