ಮೇಲಿನ ಲಿಥಿಯ ಹದಿನಾಲ್ಕು ಸಂತರು

ಕನಾಕಿಸ್ ಹೇಳಿದ್ದು ಇಷ್ಟೇ: “ನಾಳೆ ಪಟ್ಟಣದಿಂದ ಆ ಅಧಿಕಾರಿ ಮೇಡಂ ಬರ್ತಾರೆ. ಊರ ಮಾನದ ಪ್ರಶ್ನೆ. ಎಲ್ಲಾ ಸ್ವಲ್ಪ ಚೊಕ್ಕಟವಾಗಿರ್ಲಿ.”

ಮಾರಿನೋಸನ ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರ ನಡುವೆ ನಿಂತು ಆಡಿದ ಮಾತು. ಆಡಿ, ಮನೆಗೆ ಹೋಗಿ ಮಲಗಿದ. ಒಂದು ಮಾತು ಹೇಳಿದರೆ ಅಷ್ಟಕ್ಕೇ ನಿಲ್ಲುವ ಊರು ಅದಲ್ಲ ಎಂಬುದು ನಲವತ್ತೆಂಟು ವರ್ಷ ಅಲ್ಲೇ ಬಾಳಿದವನಿಗೆ ಗೊತ್ತಿರಬೇಕಿತ್ತು.

ಕ್ರೀಟ್ ದ್ವೀಪದ ದಕ್ಷಿಣ ಅಂಚಿನಲ್ಲಿ ಲಿಥಿ ಎಂಬ ಊರು ಎರಡಿವೆ. ಕೆಳಗಿನ ಲಿಥಿ ಸಮುದ್ರದ ದಡದಲ್ಲಿ, ಮೇಲಿನ ಲಿಥಿ ಬೆಟ್ಟದ ಹೆಗಲ ಮೇಲೆ. ಎರಡರಲ್ಲೂ ಒಂದೊಂದು ಪುಟ್ಟ ಇಗರ್ಜಿ, ಎರಡರ ಗೋಡೆಗಳ ಮೇಲೂ ಆರುನೂರು ವರ್ಷ ಹಳೆಯ ಚಿತ್ರಗಳು. ಆದರೆ ಹಳೆಯ ಚಿತ್ರಗಳನ್ನು ಸರಿಪಡಿಸುವ ತಂಡ ಇಡೀ ಜಿಲ್ಲೆಗೆ ಒಂದೇ. ಈ ಬೇಸಿಗೆಯಲ್ಲಿ ಅದು ಯಾವ ಲಿಥಿಗೆ ಹೋಗಬೇಕೆಂದು ತೀರ್ಮಾನಿಸಲು ಎವಾಂಥಿಯಾ ಮೇಡಂ ಬರುವವರಿದ್ದರು.

ಕನಾಕಿಸ್ ಜೇನು ಸಾಕುವವ. ಇಗರ್ಜಿಯ ಬೀಗದ ಕೈ ಇಪ್ಪತ್ತು ವರ್ಷದಿಂದ ಅವನ ಬಳಿ ಇದೆ, ಸಂಬಳವಿಲ್ಲ. ಗೋಡೆಯ ಮೇಲಿನ ಹದಿನಾಲ್ಕು ಸಂತರೂ ಅವನಿಗೆ ನೆಂಟರಿದ್ದ ಹಾಗೆ. ಅವರಲ್ಲಿ ಕುರಿಮರಿ ಎತ್ತಿಕೊಂಡ ಸಂತ ಮಾಮಾಸನ ಮೂಗು ಸೊಟ್ಟ; ಥೇಟ್ ಕನಾಕಿಸನ ತಾತನ ಮೂಗು. ತಾತನ ಒಂದು ಫೋಟೊ ಕೂಡ ಮನೆಯಲ್ಲಿಲ್ಲದ್ದರಿಂದ ಅವನು ತಾತನನ್ನು ನೋಡಬೇಕೆನಿಸಿದಾಗಲೆಲ್ಲ ಇಗರ್ಜಿಗೆ ಹೋಗುತ್ತಿದ್ದ. ಕಳೆದ ಚಳಿಗಾಲದಲ್ಲಿ ಆ ಸಂತನ ಎಡಗೈ ಉದುರಿ ನೆಲಕ್ಕೆ ಬಿತ್ತು. ಚೂರುಗಳನ್ನು ಕೋಳಿಪುಕ್ಕದಿಂದ ಗುಡಿಸಿ ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಾ ಕನಾಕಿಸ್ ಹೆಂಡತಿಗೆ ಕಾಣದಂತೆ ಅತ್ತ. ಬೆಳಕು ಬಿದ್ದು ಬಣ್ಣ ಮಾಸೀತೆಂದು ಯಾರಿಗೂ ಫೋಟೊ ತೆಗೆಯಲು ಬಿಡದವನೂ ಅವನೇ. ತಂಡ ಈ ವರ್ಷ ಬರದಿದ್ದರೆ ಮುಂದಿನ ಚಳಿಗಾಲಕ್ಕೆ ಮೂಗೂ ಇರುವುದಿಲ್ಲ ಎಂಬ ಹೆದರಿಕೆ ಅವನ ನಿದ್ದೆ ಕೆಡಿಸಿತ್ತು.

ಬೆಳಿಗ್ಗೆ, ಗುಡಿಸಿ ದೀಪ ಹಚ್ಚಲೆಂದು ಬೀಗದ ಕೈಯನ್ನು ಸೋದರತ್ತೆ ಗರಿಫಾಲ್ಯಾಗೆ ಕೊಟ್ಟು, ತನ್ನ ಹಳೆಯ ವ್ಯಾನಿನಲ್ಲಿ ದಡಕ್ಕಿಳಿದ. ಮೇಡಂ ಆಗಲೇ ಕೆಳಗಿನ ಇಗರ್ಜಿಯನ್ನು ನೋಡಿ ಮುಗಿಸಿದ್ದರು. ಸಣಕಲು ಹೆಂಗಸು, ಮಾತು ಕಡಿಮೆ.

“ಹೇಗಿದೆ ಅಲ್ಲಿ?” ಎಂದ ಕನಾಕಿಸ್, ಏನೂ ಆಸೆಯಿಲ್ಲದವನ ಹಾಗೆ.

“ಉಪ್ಪುಗಾಳಿ ತಿಂದುಹಾಕಿದೆ. ನಿಮ್ಮದು?”

“ನಮ್ಮದು ಇನ್ನೂ ಹಾಳಾಗಿದೆ ಮೇಡಂ,” ಎಂದ ಹೆಮ್ಮೆಯಿಂದ.

“ನಾಲ್ಕು ಗಂಟೆ ದೋಣಿಗೆ ನಾನು ವಾಪಸ್ ಹೋಗಬೇಕು.”

“ಹನ್ನೆರಡಕ್ಕೆಲ್ಲ ಮುಗಿಸೋಣ.”

ಊರು ತಲುಪಿದಾಗ ಕನಾಕಿಸನ ಎದೆ ತುಂಬಿತು. ಮೆಟ್ಟಿಲುಗಳಿಗೆ ಸುಣ್ಣ, ಹೂ ನೆಟ್ಟ ಎಣ್ಣೆ ಡಬ್ಬಿಗಳಿಗೆ ಸುಣ್ಣ, ಮರಗಳಿಗೆ ಸೊಂಟದವರೆಗೆ ಸುಣ್ಣ. ಇಗರ್ಜಿಯ ಹಬ್ಬಕ್ಕೆ ಮೊದಲು ಮಾಡುವಂಥ ತಯಾರಿ. ಎಂದೂ ತನ್ನ ಮಾತು ಕೇಳದ ಜನ ಇವತ್ತು ಕೇಳಿದ್ದಾರಲ್ಲ ಎಂದುಕೊಂಡ.

ದಾರಿಯ ನಟ್ಟನಡುವೆ ಎರಡು ಕುರ್ಚಿ ಹಾಕಿ ಮಾರಿನೋಸ್ ನಿಂತಿದ್ದ. ಕೈಯಲ್ಲಿ ರಾಕಿ ಸಾರಾಯಿಯ ಶೀಶೆ.

“ಕುರ್ಚಿ ತೆಗಿಯೋ,” ಎಂದ ಕನಾಕಿಸ್.

“ಮೇಡಂ ಕೂತೆದ್ದ ಮೇಲೆ ತೆಗೀತೀನಿ.”

“ಕೆಲಸದ ಹೊತ್ತಲ್ಲಿ ನಾನು ಕುಡಿಯಲ್ಲ,” ಎಂದರು ಮೇಡಂ.

“ಇದು ಕುಡಿಯೋದಲ್ಲಮ್ಮ, ಮರ್ಯಾದೆ. ಬೇಡ ಅಂದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ.”

ಮರ್ಯಾದೆ ಒಂದು ಲೋಟಕ್ಕೆ ಮುಗಿಯಲಿಲ್ಲ. ಒಣರೊಟ್ಟಿ ಬಂತು, ಟೊಮೇಟೊ ಬಂತು, ಬೆಲ್ಲದ ಪಾಕದಂಥ ಕಿತ್ತಳೆಯ ಮುರಬ್ಬ ಬಂತು. ಎದುರುಮನೆಯ ಹೆಂಗಸು ಬಸವನಹುಳುವಿನ ಸಾರು ತಂದಳು. ಅದು ಬಿಸಿಯಾಗಲು ಇಪ್ಪತ್ತು ನಿಮಿಷ, ಆರಲು ಹತ್ತು ನಿಮಿಷ. ಮಾರಿನೋಸ್ ಆಗಾಗ ಗಡಿಯಾರ ನೋಡಿ, ಮತ್ತೆ ಬೆಟ್ಟದ ಕಡೆ ನೋಡಿ, “ಇನ್ನೊಂದು ತುತ್ತು ತಗೊಳ್ಳಿ,” ಎನ್ನುತ್ತಿದ್ದ. ಕೆಳಗಿನ ಲಿಥಿಯವರು ಇವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆಂದು ಕನಾಕಿಸನಿಗೆ ಅನುಮಾನ ಹುಟ್ಟಿತು. ಮೇಡಂ ಮಾತ್ರ ಮೂರನೆಯ ಲೋಟಕ್ಕೆ ತಮ್ಮ ಅಜ್ಜಿ ಮುರಬ್ಬ ಮಾಡುತ್ತಿದ್ದ ಕ್ರಮವನ್ನು ವಿವರಿಸತೊಡಗಿದ್ದರು.

ಒಂದೂವರೆಗೆ ಅಂತೂ ವ್ಯಾನು ಊರಾಚೆ ಬೆಟ್ಟದ ಮೇಲಿದ್ದ ಇಗರ್ಜಿಯತ್ತ ಹೊರಟಿತು. ಮೊದಲ ತಿರುವಿನಲ್ಲೇ ಮನೂಸೋಸನ ಇನ್ನೂರು ಕುರಿಗಳು ದಾರಿ ತುಂಬ ನಿಂತಿದ್ದವು. ಕುರುಬ ಮನೂಸೋಸ್ ನಡುವೆ ಕೋಲೂರಿ ನಿಂತಿದ್ದ.

“ಈ ಹೊತ್ತಲ್ಲಿ ಇಲ್ಲಿ ಏನು ಕೆಲಸವೋ ನಿನಗೆ? ಪಕ್ಕಕ್ಕೆ ಹೊಡಿ.”

“ಅವು ನನ್ನ ಮಾತು ಕೇಳಲ್ಲ ಕಣೋ. ನಿನ್ನ ಮಾತು ಊರು ಕೇಳುತ್ತಾ? ಬನ್ನಿ ಮೇಡಂ, ಬಿಸಿ ಗಿಣ್ಣು ಈಗಷ್ಟೇ ಇಳಿಸಿದ್ದೀನಿ.”

ಅವನ ಕಲ್ಲುಗುಡಿಸಲಲ್ಲಿ ಗಿಣ್ಣಿನ ಮೇಲೆ ಸುರಿದದ್ದು ಕನಾಕಿಸನ ಜೇನೇ. “ನಿನ್ನ ಜೇನು ನಿನಗೇ ಬೇಡ್ವಾ?” ಎಂದ ಮನೂಸೋಸ್. ಆಮೇಲೆ ಬಾಗಿಲಿಗೆ ಹೋಗಿ ಬೆರಳು ಒದ್ದೆ ಮಾಡಿ ಮೇಲೆತ್ತಿ, “ಈ ಗಾಳಿ ಇನ್ನರ್ಧ ಗಂಟೆ ಬೀಸಿದ್ರೆ ಸಾಕು,” ಎಂದ.

“ಯಾತಕ್ಕೆ?”

“ಕುರಿಗೆ ಹಿತ.”

ಇಗರ್ಜಿ ತಲುಪಿದಾಗ ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಹಿಂದೆಯೇ ಮಾರಿನೋಸ್, ಮನೂಸೋಸ್, ಇನ್ನೂ ಹತ್ತಾರು ಜನ ಬಂದರು. ಬಾಗಿಲಲ್ಲಿ ಗರಿಫಾಲ್ಯಾ ಅತ್ತೆ ಮದುಮಗಳ ತಾಯಿಯ ಹಾಗೆ ನಿಂತಿದ್ದಳು. ಎಪ್ಪತ್ತಾರು ವರ್ಷ. ಕಪ್ಪು ಲಂಗ, ಕಪ್ಪು ತಲೆವಸ್ತ್ರ, ಎರಡರ ಮೇಲೂ ಬಿಳಿಯ ಚುಕ್ಕೆಗಳು.

“ಬನ್ನಿ, ಬನ್ನಿ. ಗೋಡೆಗೆ ಮಾತ್ರ ಒರಗಬೇಡಿ. ಮೂಲೇಲಿ ಇನ್ನೂ ಹಸಿ ಇದೆ.”

ಕನಾಕಿಸ್ ಒಳಗೆ ಕಾಲಿಟ್ಟ. ನಾಲ್ಕು ಗೋಡೆಗಳೂ, ಮೇಲಿನ ಕಮಾನೂ ಹಾಲಿನಷ್ಟು ಬೆಳ್ಳಗೆ. ಒಬ್ಬ ಸಂತನೂ ಕಾಣಲಿಲ್ಲ. ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು.

“ಅತ್ತೆ, ಇದೇನು ಮಾಡ್ದೆ?”

“ಚೊಕ್ಕಟ ಮಾಡು ಅಂತ ನೀನೇ ತಾನೇ ಹೇಳಿದ್ದು? ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಕೈಯಿಲ್ಲ, ಮೈಯೆಲ್ಲ ಮಸಿ. ಹೊರಗಿನವರು ಬಂದಾಗ ಮನೆ ಹಿರಿಯರನ್ನ ಆ ಸ್ಥಿತೀಲಿ ನಿಲ್ಲಿಸ್ತಾರೇನೋ? ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ತಪ್ಪಾಯ್ತು ಅಂತ ಹೇಳಿ, ಆಮೇಲೆ ಬಳಿದೆ. ಎರಡು ಕೈ.”

“ಒಣಗೋವರೆಗೂ ಮೇಲಕ್ಕೆ ಬಿಡಬೇಡಿ ಅಂದಿದ್ಲು,” ಎಂದ ಮಾರಿನೋಸ್. “ಹಿಡಿದಿಟ್ವಿ. ನಮ್ಮಿಂದ ಆಗೋದು ಅಷ್ಟು.”

ಕನಾಕಿಸನಿಗೆ ಬೈಯಬೇಕೆನಿಸಿತು. ಆದರೆ ಕಣ್ಣು ಅತ್ತೆಯ ಕೈಗಳ ಮೇಲೆ ಬಿತ್ತು. ಸುಣ್ಣ ತಿಂದು ಬೆರಳ ಸಂದುಗಳೆಲ್ಲ ಕೆಂಪಗೆ ಬಿರಿದಿದ್ದವು. ಅಷ್ಟು ಪ್ರೀತಿಯಿಂದ ಹಾಳು ಮಾಡಿದವರನ್ನು ಹೇಗೆ ಬೈಯುವುದೆಂದು ತಿಳಿಯದೆ ಅವನು ಹೊಸ್ತಿಲ ಮೇಲೆ ಕೂತ.

ಮೇಡಂ ಟಾರ್ಚು ಹಿಡಿದು ಗೋಡೆಯ ಉದ್ದಕ್ಕೂ ನಡೆದರು. ಕೊನೆಗೆ ಅತ್ತೆಯ ಕಡೆ ತಿರುಗಿದರು.

“ಬರೀ ಸುಣ್ಣ ತಾನೇ? ಅಂಗಡಿ ಬಣ್ಣ ಗಿಣ್ಣ ಬೆರೆಸಿಲ್ಲ?”

“ನಮ್ಮ ಹಿತ್ತಲ ಗುಂಡೀಲಿ ವರ್ಷಗಟ್ಟಲೆ ನೆಂದ ಸುಣ್ಣ,” ಎಂದಳು ಅತ್ತೆ, ಸಿಟ್ಟಿನಿಂದ.

“ಹಾಗಾದ್ರೆ ಒಳ್ಳೇದೇ ಆಯ್ತು. ಎಷ್ಟೋ ಕಡೆ ಚಿತ್ರಗಳು ಉಳಿದಿರೋದೇ ಯಾವ ಕಾಲದಲ್ಲೋ ಯಾರೋ ಸುಣ್ಣ ಬಳಿದದ್ದರಿಂದ. ಒಳಗೆ ಭದ್ರವಾಗಿರ್ತಾರೆ. ಯಾರೂ ಕೆರೆಯೋ ಹಾಗಿಲ್ಲ, ಅಷ್ಟೇ.”

ಕನಾಕಿಸ್ ಎದ್ದು ನಿಂತ. “ಮತ್ತೆ, ತಂಡ?”

“ಕೆಳಗಿನ ಲಿಥಿಗೆ. ಅವರು ಉಪ್ಪುಗಾಳಿಗೆ ಬರಿಮೈಯಲ್ಲಿ ನಿಂತಿದ್ದಾರೆ. ನಿಮ್ಮವರು ಹೊದ್ದು ಮಲಗಿದ್ದಾರಲ್ಲ, ಕಾಯಬಹುದು.”

“ಎಲ್ಲಿವರೆಗೆ ಮೇಡಂ?”

“ನನ್ನ ಅವಧಿಯಲ್ಲಿ ಆಗಲ್ಲ. ನಾನು ನಿವೃತ್ತಿಯಾಗೋಕೆ ಇನ್ನೂ ಹನ್ನೊಂದು ವರ್ಷ ಇದೆ.”

ಊರವರ ಕಿವಿಗೆ ಬಿದ್ದದ್ದು ‘ಭದ್ರ’ ಎಂಬ ಒಂದೇ ಮಾತು. ಸಂತರನ್ನು ಕಾಪಾಡಿದ ಗರಿಫಾಲ್ಯಾಗೆ ಎಲ್ಲರೂ ಕೈಕುಲುಕಿದರು. ಮೇಡಂ ಅವರನ್ನು ದೋಣಿಗೆ ಬಿಡುವ ನೆಪದಲ್ಲಿ ಮಾರಿನೋಸ್ ಅರ್ಧ ಊರನ್ನೇ ವ್ಯಾನಿಗೆ ಹತ್ತಿಸಿಕೊಂಡು ಹೋದ. ಅತ್ತೆ, ಅಳಿಯ ಇಬ್ಬರೇ ಉಳಿದರು. ಸಂತರು ಬದುಕಿದ್ದಾರೆ, ಆದರೆ ತಾನಿನ್ನು ತಾತನ ಮುಖ ನೋಡುವಂತಿಲ್ಲ ಎಂದು ನೆನೆಯುತ್ತಾ ಕನಾಕಿಸ್ ಬೀಗದ ಕೈಗಾಗಿ ಅತ್ತೆಯತ್ತ ಕೈ ಚಾಚಿದ.

ಆಗ ಬೆನ್ನಿಗೆ ಚೀಲ ಹೊತ್ತ ಗಂಡ ಹೆಂಡತಿ ಬೆವರು ಸುರಿಸುತ್ತಾ ಬೆಟ್ಟ ಹತ್ತಿ ಬಂದರು. ದೂರದ ಥೆಸ್ಸಲೊನೀಕಿ ನಗರದವರು.

“ದಡದಿಂದ ನಾಲ್ಕು ಗಂಟೆ ನಡೆದು ಬಂದ್ವಿ. ಚಿತ್ರಗಳನ್ನ ತೋರಿಸ್ತೀರಾ?”

ಇಲ್ಲವೆನ್ನಲು ಅವನಿಗೆ ಮನಸ್ಸು ಬರಲಿಲ್ಲ. ಒಳಗೆ ಕರೆದೊಯ್ದು, ಬಿಳಿ ಗೋಡೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡ.

“ಎಲ್ಲರೂ ಸುಣ್ಣದ ಹಿಂದೆ ಇದ್ದಾರೆ. ನಾನು ಹೇಳ್ತೀನಿ, ನೀವು ನೋಡ್ಕೊಳ್ಳಿ. ಇಲ್ಲಿ ಸಂತ ಮಾಮಾಸ್. ತೋಳಲ್ಲಿ ಕುರಿಮರಿ. ಮೂಗು ಸ್ವಲ್ಪ ಸೊಟ್ಟ.”

ಗಂಡ ಹೆಂಡತಿ ಭಕ್ತಿಯಿಂದ ತಲೆಯಾಡಿಸಿದರು.

“ಅಲ್ಲ ಕಣೋ,” ಎಂದಳು ಅತ್ತೆ ಹಿಂದಿನಿಂದ. “ಮಾಮಾಸ್ ಇನ್ನೂ ಎರಡು ಮೊಳ ಆ ಕಡೆ. ನೀನು ತೋರಿಸ್ತಿರೋದು ಸಂತ ಕಿರಿಯಾಕಿಯನ್ನ. ಆ ಹೆಣ್ಣುಮಗಳಿಗೆ ಯಾಕೆ ಸೊಟ್ಟಮೂಗು ಅಂಟಿಸ್ತೀಯ?”

“ಇಪ್ಪತ್ತು ವರ್ಷದಿಂದ ನೋಡಿದ್ದೀನಿ ಅತ್ತೆ.”

“ನೀನು ದೂರದಿಂದ ನೋಡಿದ್ದೀಯ. ನಾನು ಇವತ್ತು ಒಬ್ಬೊಬ್ಬರ ಮುಖಾನೂ ಎರಡೆರಡು ಸಲ ಸವರಿದ್ದೀನಿ.”

ಕನಾಕಿಸ್ ಎರಡು ಮೊಳ ಪಕ್ಕಕ್ಕೆ ಸರಿದು ನಿಂತ.