ಐದು ನಿಮಿಷದ ಊಟ

ಮಗಳ ನೀರಿನ ಬಾಟಲಿ ಸೋರದೆ ಇದ್ದಿದ್ದರೆ, ಕನ್ನಡಕದಣ್ಣ ಆ ಗುರುವಾರ ಸಂಜೆ ಆರೂವರೆಯವರೆಗಾದರೂ ನೆಮ್ಮದಿಯಿಂದ ಇರುತ್ತಿದ್ದ. ಬೆಳಿಗ್ಗೆಯೇ ಬಾಟಲಿ ಸೋರಿತು. ಒದ್ದೆ ಚೀಲವನ್ನು ಅವನು ನೆಲದ ಮೇಲೆ ಬೋರಲು ಹಾಕಿ ಕೊಡವಿದ. ಎರಡು ಬಣ್ಣದ ಕಡ್ಡಿ, ಒಂದು ಕಾಲುಚೀಲ, ಅರ್ಧ ಕಚ್ಚಿದ ರಬ್ಬರು ಬಿದ್ದವು. ಅವುಗಳ ಹಿಂದೆಯೇ ನಾಲ್ಕು ಮಡಿಕೆಯ ಒಂದು ಚೀಟಿ ಬಿತ್ತು.

"ಮಾನ್ಯರೇ, ನಿಮ್ಮ ಮನೆಯ ರಾತ್ರಿ ಊಟದ ವಿಷಯ ನಿಮ್ಮ ಮಗಳಿಂದ ತಿಳಿಯಿತು. ಈ ಬಗ್ಗೆ ತಮ್ಮೊಡನೆ ಖುದ್ದಾಗಿ ಮಾತಾಡಬೇಕಾಗಿದೆ. ಗುರುವಾರ ಸಂಜೆ ಆರೂವರೆಗೆ, ಊಟದ ಹೊತ್ತಿಗೇ, ಮನೆಗೆ ಬರುತ್ತೇನೆ." ಕೆಳಗೆ ಟೀಚರ ಸಹಿ.

ಕನ್ನಡಕದಣ್ಣ ಚೀಟಿಯನ್ನು ಎರಡು ಸಲ ಓದಿದ.

ಬೀದಿಯ ಕೊನೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಹಾಗಾಗಿ ಕಟ್ಟಡದವರಿಗೆಲ್ಲ ಅವನು ಕನ್ನಡಕದಣ್ಣ. ಹೆಂಡತಿ ಬಸ್ಸು ಓಡಿಸುತ್ತಾಳೆ. ಉಳಿದ ವಾರಗಳಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದು ಅಡುಗೆ ಮಾಡಿಬಿಡುತ್ತಿದ್ದಳು. ಈ ವಾರ ಜೊತೆಯ ಚಾಲಕ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ ಅವನ ಪಾಳಿಯೂ ಇವಳ ತಲೆಗೇ ಬಂದಿತ್ತು. ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. "ಮಕ್ಕಳ ರಾತ್ರಿ ಊಟಕ್ಕೆ ಏನಾದ್ರೂ ಸುಲಭದ್ದು ಮಾಡಿ ಸಾಕು ರೀ. ಸ್ವಲ್ಪ ತರಕಾರಿ ಇರ್ಲಿ, ಮೈಗೆ ಹಿಡಿಯೋ ಹಾಗಿರ್ಲಿ. ಹದಿನೈದು ನಿಮಿಷದ ಕೆಲ್ಸ," ಎಂದು ಹೇಳಿ ಹೋಗಿದ್ದಳು. ಅವನು "ಅದೇನು ಮಹಾ!" ಎಂದಿದ್ದ.

ಸೋಮವಾರ ಬ್ರೆಡ್ಡು, ಜಾಮು. ಮಂಗಳವಾರ ಹಾಲಿಗೆ ಬಿಸ್ಕತ್ತು. ಬುಧವಾರ ಬದಲಾವಣೆ ಇರಲಿ ಎಂದು ಬಿಸ್ಕತ್ತಿಗೆ ಹಾಲು.

"ಪುಟ್ಟಿ, ಟೀಚರ್ ಹತ್ರ ನಮ್ಮನೆ ಊಟದ ಬಗ್ಗೆ ಏನು ಹೇಳ್ದೆ?" ಎಂದು ಮೆಲ್ಲಗೆ ಕೇಳಿದ.

ಐದು ವರ್ಷದ ಮಗಳು ಬೂಟಿನ ಪಟ್ಟಿ ಎಳೆಯುತ್ತ, "ಅವ್ರು ಕೇಳಿದ್ರು. ನಾನು ನಿಜ ಹೇಳ್ದೆ," ಎಂದಳು.

"ಎಷ್ಟು ನಿಜ?"

"ಎಲ್ಲಾ ನಿಜ."

ಇನ್ನು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಮೂರು ವರ್ಷದ ಮಗನನ್ನು ಸೊಂಟಕ್ಕೇರಿಸಿಕೊಂಡು ಶಾಲೆಯ ಬಾಗಿಲಿಗೆ ಓಡಿದ. ಟೀಚರು ಅಳುವ ಎರಡು ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅವನನ್ನು ಕಂಡು ದೊಡ್ಡದಾಗಿ ನಕ್ಕರು. ಆ ನಗು ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಕೂರಿಸುವ ಮುಂಚೆ ನಗುವ ನಗುವಿನ ಹಾಗಿದೆ ಎನ್ನಿಸಿತು ಅವನಿಗೆ.

"ಚೀಟಿ ನೋಡಿದ್ರಾ? ಸಂಜೆ ಬರ್ತೀನಿ. ನೀವೇ ಇರ್ಬೇಕು ಆಯ್ತಾ? ನಿಮ್ಮ ಮನೆಯವ್ರಲ್ಲ, ನೀವೇ."

"ಮೇಡಂ, ಅದು ಏನಾಯ್ತು ಅಂದ್ರೆ..."

"ಸಂಜೆ, ಸಂಜೆ! ಎಲ್ಲಾ ಬರ್ಕೋಬೇಕು ನಾನು." ಮೂರನೆಯ ಮಗುವೂ ಅಳತೊಡಗಿತು. ಟೀಚರು ಅವನ ಮಕ್ಕಳಿಬ್ಬರನ್ನೂ ಸೇರಿಸಿಕೊಂಡು ಒಳಗೆ ಹೋದರು.

ಬರೆದುಕೊಳ್ಳುತ್ತಾರಂತೆ! ಅಂಗಡಿಯವರೆಗೂ ಅವನ ತಲೆಯಲ್ಲಿ ಅದೊಂದೇ ಮಾತು.

ಅಂಗಡಿಯ ಒಳಕೋಣೆಯಲ್ಲಿ ಕನ್ನಡಕದ ಗಾಜು ಕತ್ತರಿಸುವ ಹಿರಿಯರೊಬ್ಬರಿದ್ದರು. ನಾಲ್ಕು ಮಕ್ಕಳನ್ನು ಬೆಳೆಸಿದವರು. ಗುಟ್ಟಾಗಿ ಅವರ ಕಿವಿಯಲ್ಲಿ ಹೇಳಿದ. ಅವರು ಗಾಜು ಅರೆಯುವ ಯಂತ್ರದ ಸದ್ದಿಗೂ ಮೀರಿ ಕೂಗಿದರು, "ಇಷ್ಟೇನಾ? ಮಕ್ಕಳಿಗೆ ಬಿಸ್ಕತ್ತು ಹಾಕಿ ಸಿಕ್ಕಿಬಿದ್ಯಾ? ಎಲ್ಲಾ ತರಕಾರಿ, ಒಂದ್ಹಿಡಿ ಅಕ್ಕಿ, ಒಂದ್ಹಿಡಿ ಬೇಳೆ ಕುಕ್ಕರಿಗೆ ಹಾಕು. ಮೂರು ಸಲ ಕೂಗ್ಲಿ. ಇಳ್ಸು. ಮುಗೀತು!"

ಮುಂದಿನ ಕೌಂಟರಿನಲ್ಲಿ ಫ್ರೇಮು ತೋರಿಸುವ ಹುಡುಗಿಗೂ ಕೇಳಿಸಿತು. "ಅಯ್ಯೋ, ಬೇಯಿಸಿದ್ರೆ ಸತ್ವ ಎಲ್ಲಾ ಹೋಗುತ್ತೆ ಅಣ್ಣಾ! ಹಸಿಯಾಗೇ ಕೊಡ್ಬೇಕು. ಸೌತೆಕಾಯಲ್ಲಿ ಕಣ್ಣು, ಕ್ಯಾರೆಟ್ಟಲ್ಲಿ ಮೂಗು. ಮಕ್ಕಳು ಮೊದ್ಲು ಕಣ್ಣಲ್ಲಿ ತಿಂತಾರೆ."

"ನಿನಗೆಷ್ಟು ಮಕ್ಕಳಮ್ಮ?" ಎಂದರು ಹಿರಿಯರು.

"ಮಕ್ಕಳಿಲ್ಲ. ಆದ್ರೆ ವಿಡಿಯೋ ಎಲ್ಲಾ ನೋಡಿದೀನಿ."

ಇಬ್ಬರೂ ಜಗಳಕ್ಕೆ ನಿಂತರು. ಕನ್ನಡಕದಣ್ಣ ಕೈಗೆ ಸಿಕ್ಕ ಚೀಟಿಯಲ್ಲಿ ಇವರದೂ ಬರೆದುಕೊಂಡ, ಅವರದೂ ಬರೆದುಕೊಂಡ. ಅಷ್ಟರಲ್ಲಿ ಕಣ್ಣು ತೋರಿಸಲು ಒಬ್ಬರು ನಿವೃತ್ತ ಅಂಚೆಯವರು ಬಂದು ಕುರ್ಚಿಯಲ್ಲಿ ಕೂತರು. ಅವನು ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ ಒಂದೊಂದೇ ಗಾಜು ಬದಲಿಸತೊಡಗಿದ.

"ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?"

"ಅದೇ ಚೆನ್ನಾಗಿತ್ತು."

"ಸರಿ, ಈಗ ಹೇಳಿ. ಹಸೀದು ಚೆನ್ನಾಗಿದೆಯಾ, ಬೇಯಿಸಿದ್ದು ಚೆನ್ನಾಗಿತ್ತಾ?"

ಅಂಚೆಯವರು ಚೌಕಟ್ಟಿನೊಳಗಿಂದಲೇ ಕಣ್ಣು ಪಿಳಿಪಿಳಿ ಬಿಟ್ಟರು. "ನನಗೆ ಎರಡೂ ಮಸುಕಾಗೇ ಕಾಣ್ತಿದೆ," ಎಂದರು ಪ್ರಾಮಾಣಿಕವಾಗಿ.

ಹತ್ತು ನಿಮಿಷದ ಮೇಲೆ ಒಳಕೋಣೆಯಿಂದ ಹಿರಿಯರು ಅಂಚೆಯವರ ಕಣ್ಣಿನ ನಂಬರು ಬರೆದ ಚೀಟಿ ಹಿಡಿದು ಹೊರಗೆ ಬಂದರು. "ಯಾರಪ್ಪಾ ಈ ಗಿರಾಕಿ? ಬಲಗಣ್ಣಿಗೆ ಕ್ಯಾರೆಟ್ ಎರಡು, ಎಡಗಣ್ಣಿಗೆ ಬಟಾಣಿ ಒಂದ್ಹಿಡಿ ಅಂತ ಬರ್ದಿದೀಯಲ್ಲ, ಇದನ್ನ ಯಾವ ಯಂತ್ರದಲ್ಲಿ ಅರೀಲಿ?"

ಅಂಗಡಿಯ ಯಜಮಾನರು ಕಡೆಗೆ ಅವನನ್ನು ಕರೆದು, ಇವತ್ತು ಯಾರ ಕಣ್ಣನ್ನೂ ಮುಟ್ಟಬೇಡ, ಬೇಗ ಮನೆಗೆ ಹೋಗು ಎಂದರು. ಹೋಗುವಾಗ ಬಾಗಿಲವರೆಗೂ ಬಂದು, "ಮೊಟ್ಟೆ ಹಾಕು. ಏನೇ ಮಾಡಿದ್ರೂ ಮೊಟ್ಟೆ ಹಾಕು," ಎಂದು ಹೆಗಲು ತಟ್ಟಿದರು.

ಮಕ್ಕಳನ್ನು ಕರೆದುಕೊಂಡು, ಎರಡು ಚೀಲ ತರಕಾರಿ ಹೊತ್ತುಕೊಂಡು ಮನೆ ಮುಟ್ಟುವಾಗ ಐದೂಕಾಲು. ಸಮಯ ಬೇಕಾದಷ್ಟಿದೆ ಎಂದುಕೊಂಡು ಒಲೆ ಹಚ್ಚುವಷ್ಟರಲ್ಲಿ ಬಾಗಿಲಲ್ಲಿ ಕೆಳಗಿನ ಮನೆಯ ನರ್ಸಕ್ಕ ನಿಂತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಈಗ ಕಟ್ಟಡದವರನ್ನೆಲ್ಲ ರೋಗಿಗಳೆಂದೇ ತಿಳಿದವರು. ಪುಟ್ಟಿ ಮೆಟ್ಟಿಲು ಹತ್ತುವಾಗಲೇ ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿಸಿದ್ದಳು.

"ಟೀಚರ್ ತನಿಖೆಗೆ ಬರ್ತಾರಂತೆ? ಸರಿ, ಪಕ್ಕಕ್ಕೆ ಸರ್ಕೊಳ್ಳಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಮೆತ್ತಗೆ ಬೇಯ್ಸಿ ಕಿವುಚಿ ಕೊಡೋದು. ನಾನು ಸಾವಿರಾರು ಜನಕ್ಕೆ ಇದೇ ಕೊಟ್ಟಿದೀನಿ. ಒಬ್ರೂ ದೂರು ಹೇಳ್ಲಿಲ್ಲ."

"ದೂರು ಹೇಳೋಕೆ ಶಕ್ತಿ ಎಲ್ಲಿತ್ತು ಅವ್ರಿಗೆ?" ಎಂಬ ದನಿ ಕೇಳಿಸಿತು. ಮೇಲಿನ ಮನೆಯ ಜಿಮ್ ಮಾಸ್ಟರು. ಬಾಗಿಲು ತುಂಬುವಂಥ ಆಳು, ಕೈಯಲ್ಲಿ ಒಂದು ಟ್ರೇ ಮೊಟ್ಟೆ. "ಮಕ್ಕಳು ಅಗೀಬೇಕು ಅಕ್ಕಾ. ಅಗಿದ್ರೆ ದವಡೆಗೆ ಕಸರತ್ತು. ಕಿವುಚಬೇಡಿ, ತುಂಡು ತುಂಡಾಗಿರ್ಲಿ."

ನರ್ಸಕ್ಕ ಕುಕ್ಕರನ್ನು ಒಲೆಯ ಮೇಲಿಟ್ಟರು. ಮಾಸ್ಟರು ಕೆಳಗಿಳಿಸಿ ಬಾಣಲೆ ಇಟ್ಟರು. ನರ್ಸಕ್ಕ ಬಾಣಲೆ ಇಳಿಸಿ ಕುಕ್ಕರು ಇಟ್ಟರು. ತನ್ನದೇ ಅಡುಗೆಮನೆಯಲ್ಲಿ ಕನ್ನಡಕದಣ್ಣ ಬಸ್ಸಿನಲ್ಲಿ ನಿಂತು ಹೋಗುವವನಂತೆ ಒಂದು ಮೂಲೆಗೆ ಒತ್ತರಿಸಿಕೊಂಡು, ಬಟಾಣಿ ಬಿಡಿಸಿ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕುತ್ತಿದ್ದ.

"ಅಪ್ಪಾ, ಉಲ್ಟಾ," ಎಂದಳು ಪುಟ್ಟಿ.

ಕೊನೆಗೆ ನರ್ಸಕ್ಕನ ಕುಕ್ಕರು ಗೆದ್ದಿತು. ಅಕ್ಕಿ, ಬೇಳೆ, ಬಟಾಣಿ, ಸೊಪ್ಪು ಎಲ್ಲ ಅದರೊಳಗೆ ಹೋದವು. "ಮೂರು ಸಲ ಕೂಗಿದ್ಮೇಲೆ ಆರ್ಸಿ. ನೀವು ಎಣಿಸ್ತಾ ಇರಿ. ನಾನು ಇವರಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು," ಎಂದು ಅವರು ಮಾಸ್ಟರನ್ನು ಹೊರಗಿನ ಕೋಣೆಗೆ ದಬ್ಬಿಕೊಂಡು ಹೋದರು.

ಕನ್ನಡಕದಣ್ಣ ಒಲೆಗೆ ಬೆನ್ನು ಮಾಡಿ ತಟ್ಟೆ ತೊಳೆಯುತ್ತ ಎಣಿಸಿದ. ಕೂಊಊ. ಒಂದು. ಕೂಊಊ. ಎರಡು. ಇಷ್ಟು ಬೇಗ ಮೂರನೆಯದೂ ಬಂದಾಗ ಖುಷಿಯಿಂದ ಒಲೆ ಆರಿಸಿದ. ತಿರುಗಿದರೆ ಮೇಜಿನ ಕೆಳಗೆ ಮಗ ಕೂತಿದ್ದ. ಕೆನ್ನೆ ಉಬ್ಬಿಸಿ, ಮೂತಿ ಮುಂದೆ ಮಾಡಿ, ನಾಲ್ಕನೆಯ ಸಲ "ಕೂಊಊ" ಎಂದ.

"ಲೋ, ಎಲ್ಲಾ ನೀನೇನಾ ಕೂಗಿದ್ದು?"

ಮಗ ಹೆಮ್ಮೆಯಿಂದ ತಲೆಯಾಡಿಸಿದ. ಕನ್ನಡಕದಣ್ಣ ಮತ್ತೆ ಒಲೆ ಹಚ್ಚಿದ. ಈಗ ಕುಕ್ಕರು ನಿಜವಾಗಿ ಕೂಗಿದರೂ ಅವನಿಗೆ ನಂಬಿಕೆ ಬರಲಿಲ್ಲ. ಪ್ರತಿ ಸಲವೂ ಮೇಜಿನ ಕೆಳಗೆ ಬಗ್ಗಿ ನೋಡಿದ. ಮಗ ಪ್ರತಿ ಸಲವೂ ಮೂತಿ ಮುಂದೆ ಮಾಡಿಕೊಂಡೇ ಇದ್ದ. ಕೊನೆಗೆ ಮುಚ್ಚಳ ತೆಗೆದಾಗ ಕಂಡದ್ದು ಹಸಿರು ಬಣ್ಣದ ಅಂಟು. ಗೋಡೆಗೆ ಕಾಗದ ಅಂಟಿಸಲು ಒಳ್ಳೆಯದಿತ್ತು.

ಗಂಟೆ ಆರೂ ಇಪ್ಪತ್ತು.

ಯಾರ ಮಾತು ಮೊದಲು, ಯಾರದು ಆಮೇಲೆ ಎಂದು ಯೋಚಿಸಲು ಅವನಿಗೆ ಹೊತ್ತೇ ಉಳಿದಿರಲಿಲ್ಲ. ಅಂಟಿಗೆ ಎರಡು ಮೊಟ್ಟೆ ಒಡೆದ. ತುರಿದ ಕ್ಯಾರೆಟ್ಟು ಸುರಿದ. ಉಪ್ಪು ಹಾಕಿದ. ದೋಸೆ ಹೆಂಚಿನ ಮೇಲೆ ಎರಡು ಸೌಟು ಹೊಯ್ದ. ಎರಡೂ ದುಂಡಗೆ ಹರಡಿಕೊಂಡವು, ನಡುವೆ ಸಣ್ಣ ಸೇತುವೆಯಂತೆ ಒಂದಕ್ಕೊಂದು ಕೂಡಿಕೊಂಡವು. ಮಗುಚಿ ಹಾಕಿದರೆ ಅಂಚು ಗರಿಗರಿ, ಬಣ್ಣ ಹೊಂಬಣ್ಣ.

"ಕನ್ನಡಕ!" ಎಂದು ಕಿರುಚಿದ ಮಗ ಅದನ್ನು ಎತ್ತಿ ಕಣ್ಣಿಗೆ ಹಿಡಿದುಕೊಂಡ. ಆಮೇಲೆ ಎಡಗಣ್ಣನ್ನು ಕಚ್ಚಿ ತಿಂದ. ಪುಟ್ಟಿ ನನಗೂ ಒಂದು ಬೇಕು ಎಂದು ಕುಣಿದಳು. ಅವಳದೂ ಬೆಂದು ಕೈಗೆ ಬರುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಟೀಚರು ಒಳಬಂದು ಮೇಜಿನ ಮುಂದೆ ಕೂತರು. ದಪ್ಪನೆಯ ಪುಸ್ತಕ ತೆರೆದರು, ಪೆನ್ನಿನ ಮುಚ್ಚಳ ತೆಗೆದರು. ಮಕ್ಕಳ ಕೈಯಲ್ಲಿದ್ದ ಕನ್ನಡಕಗಳನ್ನು ನೋಡಿದರು. ಅವು ಕರಗಿಹೋಗುವವರೆಗೂ ನೋಡಿದರು. ನರ್ಸಕ್ಕ, ಮಾಸ್ಟರು ಇಬ್ಬರೂ ಗೋಡೆಗೆ ಒರಗಿ ಸಾಕ್ಷಿಗಳ ಹಾಗೆ ನಿಂತಿದ್ದರು.

ಕನ್ನಡಕದಣ್ಣನಿಗೆ ತಡೆಯಲಾಗಲಿಲ್ಲ. "ಮೇಡಂ, ತಪ್ಪಾಯ್ತು. ಮೂರು ದಿನದಿಂದ ನಾನು..."

"ತಪ್ಪೇ? ಎಂಥಾ ಮಾತು!" ಟೀಚರ ಕಣ್ಣು ತುಂಬಿ ಬಂದಿತ್ತು. "ನನಗೂ ಎರಡು ಮಕ್ಕಳಿದಾರೆ ಸಾರ್. ಮನೆಗೆ ಹೋಗೋ ಹೊತ್ತಿಗೆ ಜೀವ ಅರ್ಧ ಆಗಿರುತ್ತೆ. ತರಕಾರಿ ಕಂಡ್ರೆ ಇಬ್ಬರೂ ಬಾಯಿ ಬಿಗಿ ಹಿಡೀತಾರೆ. ಮೊನ್ನೆ ಕ್ಲಾಸಲ್ಲಿ ಕೇಳ್ದೆ, ನಿಮ್ಮನೇಲಿ ರಾತ್ರಿ ಊಟ ಯಾರು ಮಾಡ್ತಾರೆ ಅಂತ. ಎಲ್ರೂ ಅಮ್ಮ, ಅಜ್ಜಿ ಅಂದ್ರು. ನಿಮ್ಮ ಮಗಳೊಬ್ಳೇ ಅಪ್ಪ ಅಂದ್ಳು. ಎಷ್ಟು ಹೊತ್ತಲ್ಲಿ ಮಾಡ್ತಾರೆ ಅಂದೆ. ಐದೇ ನಿಮಿಷ ಅಂದ್ಳು! ತರಕಾರಿ ಹಾಕ್ತಾರಾ ಅಂದ್ರೆ, ಎಲ್ಲಾ ತರಕಾರೀನೂ ತೆಗೆದು ತೆಗೆದು ಹಾಕ್ತಾರೆ ಅಂದ್ಳು. ಅದಕ್ಕೇ ಕಲಿಯೋಕೆ ಬಂದೆ."

ಕನ್ನಡಕದಣ್ಣ ಇನ್ನೊಂದು ಬಿಸಿ ಕನ್ನಡಕವನ್ನು ತಟ್ಟೆಗೆ ಹಾಕಿ ಅವರ ಮುಂದಿಟ್ಟ.

"ನಾನೇ ಎಲ್ಲಾ ಹೇಳ್ಕೊಟ್ಟಿದ್ದು," ಎಂದರು ನರ್ಸಕ್ಕ.

"ಮೊಟ್ಟೆ ನಂದು," ಎಂದರು ಮಾಸ್ಟರು.

ಟೀಚರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ತಮಗೂ ಎರಡು ಡಬ್ಬಿ ಕಟ್ಟಿಸಿಕೊಂಡರು. ಹೊರಡುವಾಗ, "ಶನಿವಾರ ತಂದೆ ತಾಯಿಯರ ಸಭೆ. ಅರವತ್ತು ಜನ ಬರ್ತಾರೆ. ಐದು ನಿಮಿಷದ ಊಟ ಅಂತ ನಿಮ್ಮದೇ ಪ್ರಾತ್ಯಕ್ಷಿಕೆ ಇಡ್ತೀನಿ. ಒಲೆ ನಾವು ತರ್ತೀವಿ. ಎಲ್ರಿಗೂ ಚೀಟಿ ಕಳ್ಸಿಯೂ ಆಯ್ತು. ಬರ್ತೀರಲ್ಲ?" ಎಂದರು.

ಜೀವಮಾನದಲ್ಲಿ ಯಾರೂ ಅವನನ್ನು ಅಷ್ಟು ಮೆಚ್ಚಿ ನೋಡಿರಲಿಲ್ಲ. "ಬರ್ತೀನಿ. ಅದೇನು ಮಹಾ ಮೇಡಂ," ಎಂದುಬಿಟ್ಟ.

ಎಂಟಕ್ಕೆ ಹೆಂಡತಿ ಬಂದಳು. ಅವನು ಬಾಗಿಲಲ್ಲೇ ಎದೆಯುಬ್ಬಿಸಿ ಎಲ್ಲವನ್ನೂ ಹೇಳಿದ. ಅವಳು ಬೂಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಮಗಳ ಕಡೆ ತಿರುಗಿದಳು. "ಪುಟ್ಟಿ, ಅಡುಗೆ ಮಾಡೋದು ನಾನಲ್ವಾ? ಟೀಚರ್ ಹತ್ರ ಯಾಕಮ್ಮಾ ಸುಳ್ಳು ಹೇಳ್ದೆ?"

ಪುಟ್ಟಿಗೆ ಸಿಟ್ಟು ಬಂತು. "ಸುಳ್ಳಲ್ಲ! ಅವ್ರು ಅಡುಗೆ ಯಾರು ಮಾಡ್ತಾರೆ ಅಂತ ಕೇಳ್ಲೇ ಇಲ್ಲ. ಊಟ ಯಾರು ಮಾಡ್ತಾರೆ ಅಂದ್ರು. ಅಪ್ಪ ಊಟ ಮಾಡಲ್ವಾ? ಗಬಗಬ ಅಂತ ಐದೇ ನಿಮಿಷಕ್ಕೆ ಮುಗಿಸಲ್ವಾ? ತರಕಾರಿ ಎಲ್ಲಾ ತೆಗೆದು ತೆಗೆದು ತಟ್ಟೆ ಪಕ್ಕಕ್ಕೆ ಹಾಕಲ್ವಾ?"

ಹೆಂಡತಿ ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಲೇ, ನಗಬೇಡ. ಅರವತ್ತು ಜನ! ಅದನ್ನ ಹೇಗೆ ಮಾಡ್ದೆ ಅಂತ ನನಗೇ ಗೊತ್ತಿಲ್ಲ. ನಾಳೆ ನೀನೇ ಹೋಗಿ ಟೀಚರ್‌ಗೆ ನಿಜ ಹೇಳ್ಬಿಡು," ಎಂದು ಅವನು ಅಂಗಲಾಚಿದ.

"ನಾನ್ಯಾಕೆ ಹೇಳ್ಲಿ? ಇಷ್ಟು ವರ್ಷಕ್ಕೆ ಇವತ್ತು ನನ್ನ ಭಾಗ್ಯದ ಬಾಗಿಲು ತೆರೀತು." ಅವಳು ಕಣ್ಣೊರೆಸಿಕೊಂಡು ಮೇಜಿನ ಮುಂದೆ ಕುರ್ಚಿ ಎಳೆದು ಕೂತಳು. "ಇನ್ಮೇಲೆ ಅಡುಗೆಮನೆ ನಿಮ್ದು ರೀ. ಅಭ್ಯಾಸ ಆಗ್ಬೇಕಲ್ಲ? ಇವತ್ತು ಡಿಪೋದಲ್ಲಿ ಊಟಾನೂ ಸಿಗ್ಲಿಲ್ಲ ನಂಗೆ."

ಬಸ್ಸು ಹೊರಡಿಸುವಾಗ ನೋಡುವ ಹಾಗೆಯೇ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿದಳು.

"ಹ್ಞೂಂ, ಐದು ನಿಮಿಷ. ಶುರು ಮಾಡಿ."