ಹಲ್ಲು ನೋಡಿ ಆರಿಸಿದ ಡಾಕ್ಟರು

ಡಾಕ್ಟರ ಹಲ್ಲು ನೋಡಿ ಆಮೇಲೆ ಔಷಧಿ ಕುಡಿಯುವ ರೋಗಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಜೊತೆ ಊರೂರು ಅಲೆದು ಮಾನ ಕಳೆದುಕೊಂಡಿದ್ದೇನೆ! ಅವರು ನನ್ನ ಸೋದರಮಾವ.

ದುದ್ದದ ಕಡೆ ಎತ್ತು ಕೊಳ್ಳುವವರೆಲ್ಲ ಮೊದಲು ಮಾವನ ಕೈಗೆ ಹಗ್ಗ ಕೊಡುತ್ತಿದ್ದರು. ಹಲ್ಲು, ಸುಳಿ, ನಡಿಗೆ ನೋಡಿ, ಕೊನೆಗೆ ನೇಗಿಲಿಗೆ ಕಟ್ಟಿ ಒಂದು ಸಾಲು ಹೊಡೆಸಿದ ಮೇಲೆಯೇ ಅವರು "ಸೈ" ಎನ್ನುತ್ತಿದ್ದುದು. ಎತ್ತಿಗೇನೋ ಇದು ಸರಿ. ಆದರೆ ಮಾವನಿಗೆ ಗಳಗಂಡವಾಯಿತಲ್ಲ! ಗಂಟಲ ಮುಂದೆ ನಿಂಬೆಹಣ್ಣಿನಷ್ಟಿದ್ದ ಗಂಟು ಬೆಳೆಯುತ್ತಾ ತೆಂಗಿನಕಾಯಿಗೇ ಪೈಪೋಟಿ ಕೊಡತೊಡಗಿತು. ಮುದ್ದೆ ನುಂಗುವುದು ಕಷ್ಟವಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದನಿ ಮಾತ್ರ ಹಾಗೇ ಇತ್ತು. ಸಂಜೆ ಗದ್ದೆಯಿಂದ ಬರುವಾಗ ಮನೆಯೆದುರಿನ ಹೊಸ ನಾಲೆಯ ಏರಿ ಮೇಲೆ ನಿಂತು, "ಬಂದೇ ಕಣಮ್ಮೀ!" ಎಂದು ಅತ್ತೆಗೆ ಒಂದು ಕೂಗು ಹಾಕುತ್ತಿದ್ದರು. ತನ್ನ ಮನೆಗೆ ತಾನು ಬರುವುದಕ್ಕೂ ಡಂಗುರವೇ ಎಂದು ಊರೆಲ್ಲ ನಗುತ್ತಿತ್ತು.

ಮೊದಲು ಊರಿನ ಪಂಡಿತರು ಗಂಟಿಗೆ ಬರೆ ಹಾಕುತ್ತೇನೆಂದರು. ಮಾವ ಅವರ ಕೈಯನ್ನೇ ದಿಟ್ಟಿಸಿದರು. "ಕೈ ಅದುರ್ತಾ ಐತಲ್ಲ ಪಂಡಿತ್ರೇ! ಬರೆ ಗಂಟಿಗ್ ಬೀಳ್ತದೋ, ಮೂಗಿಗ್ ಬೀಳ್ತದೋ?" ಎಂದು ಎದ್ದು ಬಂದರು.

ನಾನಾಗ ಮಂಡ್ಯದಲ್ಲಿ ಮೇಷ್ಟ್ರು. ಅಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

"ಎಲ್ಲಿ, ಬಾಯ್ ಬುಡಿ ಸ್ವಾಮಿ" ಎಂದರು ಮಾವ. ಡಾಕ್ಟರು ಗಾಬರಿಯಲ್ಲಿ ತೆರೆದೇಬಿಟ್ಟರು! "ಅಲ್ಲು ಗಟ್ಟಿಯಾಗವೆ. ಈಗ ಏಳಿ, ಏನ್ ಔಸ್ದಿ?"

"ಸಣ್ಣ ಗಂಟಾಗಿದ್ದರೆ ಅಯೋಡಿನ್ ಹನಿ ಕುಡಿಸಿ ನೋಡಬಹುದಿತ್ತು ಗೌಡರೇ. ಇದು ಹಳೆಯದು, ಹನಿಗೆಲ್ಲ ಕರಗುವುದಿಲ್ಲ. ಉಸಿರುಗೊಳವೆಯನ್ನು ಒತ್ತುತ್ತಿದೆ. ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ. ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿ."

"ಕುಯ್ದ್ರೆ ಏನೂ ಆಗಕಿಲ್ವಾ?"

"ದನಿಯ ನರ ಪಕ್ಕದಲ್ಲೇ ಇದೆ. ಅದು ಕೆಡುವ ಭಯ ಸ್ವಲ್ಪ ಉಂಟು."

ಜೀವದ ಮಾತಿಗೆ ಜಗ್ಗದ ಮಾವ ದನಿಯ ಮಾತಿಗೆ ಬಿಳಿಚಿಕೊಂಡರು. "ದನಿ ಓಗದಾದ್ರೆ ಬ್ಯಾಡ ಬುಡಿ" ಎಂದು ಟವಲು ಕೊಡವಿ ಎದ್ದರು. ಆಮೇಲೆ ನಾನು ಗೋಗರೆದು, ಜಗಳವಾಡಿ, ಅಂತೂ ಒಂದು ದಿನ ಯಲಿಯೂರಿನಲ್ಲಿ ರೈಲು ಹತ್ತಿಸಿದೆ.

ಮೈಸೂರಿನ ಸರ್ಜನ್ನರ ಮುಂದೆಯೂ ಅದೇ ವರಸೆ! "ಉತ್ತು ನೋಡ್ದೆ ನಾನು ಎತ್ತು ತಗಳಾಕಿಲ್ಲ ಸ್ವಾಮಿ. ನೀವು ಕುಯ್ದಿರೋ ಗಂಟ್ಲು ಒಂದ್ನ ಕರ್ಸಿ. ಮಾತಾಡ್ಸಿ ನೋಡ್ತೀನಿ." ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಸರ್ಜನ್ನರು ಮಾತ್ರ ನಕ್ಕುಬಿಟ್ಟು, ವಾರ್ಡಿನಿಂದ ಮಳವಳ್ಳಿಯ ಒಬ್ಬ ಮುದುಕಿಯನ್ನು ಕರೆಸಿದರು. ಕತ್ತಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಮಾವ ಅವಳ ಸುತ್ತ ಒಂದು ಸುತ್ತು ಬಂದು, "ಎಲ್ಲಿ, ಒಂದ್ಸಲ ಗಟ್ಟಿಯಾಗ್ ಕೂಗವ್ವ" ಎಂದರು.

ಮುದುಕಿ ಸೊಂಟಕ್ಕೆ ಕೈಕೊಟ್ಟಳು. "ಕೂಗಕ್ಕೆ ನಾನೇನ್ ಕೋಳಿ ಉಂಜವೇನ್ಲಾ? ಎತ್ ನೋಡ್ದಂಗೆ ನೋಡ್ತಾನೆ, ನಾಚ್ಕೆಗೆಟ್ಟೋನು!"

ವಾರ್ಡೇ ನಡುಗಿತು. ಮಾವನ ಮುಖ ಅರಳಿತು. "ಸೈ! ಈ ಗಂಟ್ಲು ಉಳ್ಸಿರೋ ಕೈಗೆ ನನ್ ಗಂಟ್ಲೂ ಕೊಟ್ಟೆ!"

ಆದರೂ ಒಳಗೆ ಕರೆದಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. "ಅಳೀಮಯ್ಯ, ನಿಮ್ಮತ್ತೆಗೆ ಕಣ್ ಕಾಣಾಕಿಲ್ಲ. ಅವ್ಳಿಗೆ ನಾನು ಅಂದ್ರೆ ಈ ದನಿಯೇ ಕಣ್ಲಾ."

ಅತ್ತೆಗೆ ಕಣ್ಣು ಹೋಗಿ ವರ್ಷಗಳಾದದ್ದು ನಮಗೆಲ್ಲ ಗೊತ್ತೇ ಇತ್ತು. ಆ ಸಂಜೆಯ ಕೂಗು ಅವರಿಗಾಗಿ ಎಂದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಆಪರೇಷನ್ನಾಗಿ ಗಾಯ ಮಾಯುವವರೆಗೂ ಕೂಗಕೂಡದೆಂದು ಸರ್ಜನ್ನರ ಅಪ್ಪಣೆಯಿತ್ತು. ಮಾಯ್ದ ಮೇಲೆ ಊರಿಗೆ ಬಂದೆವು. ಮಾವ ನಾಲೆ ಏರಿ ಹತ್ತಿ ನಿಂತರು. ಗಂಟಿಲ್ಲದ ಕತ್ತು ಯಾರದೋ ಕತ್ತಿನಂತೆ ಕಾಣುತ್ತಿತ್ತು. "ಬಂದೇ..." ಎಂದರು. ಒಡಕು ದನಿ, ಅರ್ಧಕ್ಕೇ ನಿಂತಿತು. ನಾನು ತಲೆ ತಗ್ಗಿಸಿದೆ.

ಮನೆಯೊಳಗಿಂದ ಅತ್ತೆ ಸೊಸೆಗೆ ಹೇಳುತ್ತಿದ್ದುದು ಕೇಳಿಸಿತು: "ಎಸರಿಡಮ್ಮಿ, ನಿಮ್ಮಾವ ಬಂದ್ರು!"

ಮಾವ ಟವಲಿನಿಂದ ಕಣ್ಣೊರೆಸಿಕೊಂಡು ಏರಿ ಇಳಿದರು. ಅಂದು ಮುದ್ದೆ ಸಲೀಸಾಗಿ ಇಳಿಯಿತು.